ಪೇಟಿ ಮಾಸ್ತರರ ಹೆಸರು ಎಲ್ಲಿದೆ?

1988ರ ಆಗಸ್ಟ್ 15ರಂದು ಕೆಂಪುಕೋಟೆಯ ಭಾಷಣ ಮುಗಿದ ಬೆನ್ನಿಗೇ ದೂರದರ್ಶನದಲ್ಲಿ ‘ಮಿಲೇ ಸುರ್ ಮೇರಾ ತುಮ್ಹಾರಾ’ ಮೊದಲ ಸಲ ಪ್ರಸಾರವಾಯಿತು. ಆರು ನಿಮಿಷದ ಆ ಹಾಡನ್ನು ತೆರೆಯುವ ದನಿ ನಮ್ಮ ರೋಣದ ಭೀಮಸೇನ ಜೋಶಿಯವರದು. ಗದಗ ಜಿಲ್ಲೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ದನಿಯ ಕೆಳಗೆ ಸ್ವರಗಳ ಹಾಸನ್ನು ಹಾಸಿದವರು, ಹಾಡು ಒಂದು ಪ್ರಾಂತದಿಂದ ಇನ್ನೊಂದಕ್ಕೆ ಹೊರಳುವಾಗ ಲಯ, ವಾದ್ಯ ಎಲ್ಲ ಬದಲಾದರೂ ಎಳೆ ತುಂಡಾಗದಂತೆ ನೋಡಿಕೊಂಡವರು ಯಾರು ಎಂದರೆ ರೋಣದಲ್ಲೇನು, ಬೆಂಗಳೂರಿನಲ್ಲೂ ಉತ್ತರ ಸುಲಭಕ್ಕೆ ಸಿಗದು. ಆ ಕೆಲಸದಲ್ಲಿ ಸಂಗೀತ ನಿರ್ದೇಶಕ ಅಶೋಕ್ ಪತ್ಕಿಯವರ ಜೊತೆಗಿದ್ದವರು ಲೂಯಿ ಬ್ಯಾಂಕ್ಸ್. ಅವರು ಜಾಜ್ ಪಿಯಾನೋ ವಾದಕರು.

ಖಯಾಲಿನ ಗವಾಯಿ ಒಬ್ಬರು, ಜಾಜ್‌ನ ಪಿಯಾನೋಗಾರ ಇನ್ನೊಬ್ಬರು. ಇಬ್ಬರೂ ತಮ್ಮ ತಮ್ಮ ಮನೆಯ ಹೊಸ್ತಿಲು ದಾಟಿ, ಟಿವಿಯ ಮುಂದೆ ಕೂತ ಕೋಟ್ಯಂತರ ಜನಕ್ಕಾಗಿ ದುಡಿದರು. ಹೀಗೆ ಹೊಸ್ತಿಲು ದಾಟಿದ ಕಲಾವಿದರ ಬಗ್ಗೆ ನಮ್ಮಲ್ಲಿ ಒಂದು ಮಾತು ಬಹಳ ಬೇಗ ಹೊರಡುತ್ತದೆ. ಛಲೋ ಕಲತಿದ್ದ, ಸಿನಿಮಾಕ್ಕ ಹೋಗಿ ಕೆಟ್ಟ. ಅಮೆರಿಕದಲ್ಲೂ ಜಾಜ್ ಬಿಟ್ಟು ಪಾಪ್ ಮತ್ತು ಫಂಕ್ ಸಂಗೀತದತ್ತ ತಿರುಗಿದ ಕೀಬೋರ್ಡ್ ವಾದಕರಿಗೆ ವಿಮರ್ಶಕರು ಇದೇ ಮಾತು ಹೇಳಿದರು. ಈ ಮಾತು ಎಷ್ಟು ನಿಜ ಎಂದು ಪರೀಕ್ಷಿಸುವುದು ಈ ಅಂಕಣದ ಉದ್ದೇಶ. ಅದಕ್ಕೆ ಬೇಕಾದ ಸಾಕ್ಷ್ಯ ನ್ಯೂಯಾರ್ಕ್‌ನಲ್ಲಿರುವಷ್ಟೇ ಗದಗಿನಲ್ಲೂ ಇದೆ.

ಲೂಯಿ ಬ್ಯಾಂಕ್ಸ್ ಹುಟ್ಟಿದ್ದು 1941ರ ಫೆಬ್ರುವರಿಯಲ್ಲಿ, ಡಾರ್ಜಿಲಿಂಗ್‌ನಲ್ಲಿ, ನೇಪಾಳಿ ಮನೆತನದಲ್ಲಿ. ಹುಟ್ಟುಹೆಸರು ದಂಬರ್ ಬಹಾದುರ್ ಬುಢಾಪ್ರೀತಿ. ತಂದೆ ಟ್ರಂಪೆಟ್ ವಾದಕ. ಅಮೆರಿಕದ ಜಾಜ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಮೇಲಿನ ಅಭಿಮಾನಕ್ಕೆ ಮಗನ ಹೆಸರನ್ನೇ ಬದಲಿಸಿದರು. ಕಾಠ್ಮಂಡುವಿನ ಹೋಟೆಲಿನಲ್ಲಿ ನುಡಿಸಿ, ಆಮೇಲೆ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿಗೆ ಬಂದು, ಬ್ಲೂ ಫಾಕ್ಸ್ ಎಂಬ ರೆಸ್ಟೋರೆಂಟಿನಲ್ಲಿ ತಮ್ಮದೇ ತಂಡ ಕಟ್ಟಿದರು. ಗಾಯಕಿ ಪ್ಯಾಮ್ ಕ್ರೇನ್, ಸ್ಯಾಕ್ಸೊಫೋನಿನ ಬ್ರಾಜ್ ಗೊನ್ಸಾಲ್ವಿಸ್ ಜೊತೆಗಿದ್ದರು. ಆ ಕಾಲದ ಪಾರ್ಕ್ ಸ್ಟ್ರೀಟಿನಲ್ಲಿ ಪ್ರತಿ ಸಂಜೆ ಜೀವಂತ ಜಾಜ್ ಇತ್ತು. 1970ರ ದಶಕದಲ್ಲಿ ಊರಿನ ರಾಜಕೀಯ ಅಶಾಂತಿ, ವಿದ್ಯುತ್ ಕಡಿತ, ಮನರಂಜನಾ ತೆರಿಗೆಯ ಹೊರೆ ಎಲ್ಲ ಸೇರಿ ಆ ಸಂಜೆಗಳು ಸೊರಗಿದವು. ಅಲ್ಲಿ ಇವರ ವಾದನ ಕೇಳಿದ ಆರ್.ಡಿ. ಬರ್ಮನ್ ಮುಂಬೈಗೆ ಕರೆದರು. ಬ್ಯಾಂಕ್ಸ್ ಹೋದರು, ಬರ್ಮನ್‌ರ ಚಿತ್ರಗೀತೆಗಳಲ್ಲಿ ಪಿಯಾನೋ ನುಡಿಸಿದರು, ಜಾಹೀರಾತಿನ ಜಿಂಗಲ್‌ಗಳಿಗೆ ಕೈಹಾಕಿದರು, ‘ನ್ಯೂ ಡೆಲ್ಲಿ ಟೈಮ್ಸ್’ ಚಿತ್ರಕ್ಕೆ ಸಂಗೀತ ಕೊಟ್ಟರು. ಮುಂದಿನ ದಶಕಗಳಲ್ಲಿ ಅವರ ಕೈಯಿಂದ ಹೊರಬಂದ ಜಿಂಗಲ್‌ಗಳು ಸಾವಿರಾರು.

ಇದು ಕೆಟ್ಟ ಕಥೆಯೇ? ಉತ್ತರ ಹೇಳುವ ಮೊದಲು ಜಾಜ್ ಕೀಬೋರ್ಡ್ ವಾದಕ ಏನು ಕಲಿತಿರುತ್ತಾನೆ ಎಂಬುದನ್ನು ತಿಳಿಯಬೇಕು. ನಮ್ಮ ಸಂಗೀತಕ್ಕೆ ಆಧಾರ ತಂಬೂರಿ. ಷಡ್ಜ ಅಲುಗುವುದಿಲ್ಲ, ಗವಾಯಿ ಅದರ ಮೇಲೆ ರಾಗವನ್ನು ಬೆಳೆಸುತ್ತಾನೆ. ಜಾಜ್‌ನಲ್ಲಿ ಕೆಳಗಿನ ಆಧಾರವೇ ಹೆಜ್ಜೆಹೆಜ್ಜೆಗೆ ಸರಿಯುತ್ತದೆ. ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಒಂದು ಸಾದಾ ಕಾರ್ಡು. ಜಾಜ್ ವಾದಕ ಅದರ ಮೇಲೆ ನಾಲ್ಕನೆಯ, ಐದನೆಯ ಸ್ವರ ಸೇರಿಸಿ ಬಣ್ಣ ಬದಲಿಸುತ್ತಾನೆ. ಎಡಗೈ ಈ ಕಾರ್ಡುಗಳನ್ನು ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತಿದ್ದರೆ ಬಲಗೈ ಆಗಷ್ಟೇ ಹೊಳೆದ ಸಾಲನ್ನು ನುಡಿಸುತ್ತಿರುತ್ತದೆ. ಪಕ್ಕದ ಡ್ರಮ್ಮಿನವನು ಏನು ಮಾಡುತ್ತಾನೆ, ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲದಕ್ಕೂ ಕಿವಿ ಕೊಟ್ಟಿರಬೇಕು. ಹತ್ತು ವರ್ಷ ಹೀಗೆ ನುಡಿಸಿದವನಿಗೆ ಇಡೀ ತಂಡದ ಸಂಗೀತ ಒಂದೇ ನಕಾಶೆಯಾಗಿ ಕಾಣತೊಡಗುತ್ತದೆ. ಹಾಡಿನ ನಿರ್ಮಾಪಕನಿಗೆ, ವಾದ್ಯಸಂಯೋಜಕನಿಗೆ ಬೇಕಾಗಿರುವುದು ಇದೇ ದೃಷ್ಟಿ. ಪಾಪ್ ಜಗತ್ತಿನ ಎಷ್ಟೋ ದೊಡ್ಡ ನಿರ್ಮಾಪಕರು ಜಾಜ್‌ನಿಂದ ಬಂದದ್ದು ಆಕಸ್ಮಿಕವಲ್ಲ. ಮೈಕೆಲ್ ಜಾಕ್ಸನ್‌ರ ‘ಥ್ರಿಲ್ಲರ್’ ನಿರ್ಮಿಸಿದ ಕ್ವಿನ್ಸಿ ಜೋನ್ಸ್ ಜಾಜ್ ತಂಡಗಳಲ್ಲಿ ಟ್ರಂಪೆಟ್ ಊದಿ ಬೆಳೆದವರು.

‘ಮಿಲೇ ಸುರ್’ನಂಥ ಹಾಡಿನಲ್ಲಿ ಈ ವಿದ್ಯೆಯ ಉಪಯೋಗ ಕಣ್ಣಿಗೆ ಕಟ್ಟುತ್ತದೆ. ಹಾಡಿನ ಆಧಾರ ಭೈರವಿ. ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲ. ಕಾರ್ಡು ಕಟ್ಟುವವನು ರಾಗ ಒಲ್ಲದ ಸ್ವರವನ್ನು ಸದ್ದಿಲ್ಲದೆ ಒಳಗೆ ಬಿಟ್ಟರೆ ಭೈರವಿ ಅಲ್ಲೇ ಕೆಡುತ್ತದೆ. ಹಾಡುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಕೇಳುವವರಿಗೆ ಏನೋ ಸರಿಯಿಲ್ಲ ಎನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ರಾಗದ ಸ್ವರಗಳಿಂದಲೇ ಕಾರ್ಡು ಆರಿಸಿ, ಭೀಮಸೇನರ ಸ್ವರ ನಿಂತಲ್ಲಿ ಕೆಳಗಿನದನ್ನು ತೆಳುವಾಗಿಸಿ, ಭಾಷೆ ಬದಲಾದಾಗ ಆ ಪ್ರಾಂತದ ನಡೆಗೆ ದಾರಿ ಬಿಡುತ್ತ ಸಾಗಬೇಕು. ಇಂಥ ಸಂಯೋಜನೆ ಚೆನ್ನಾಗಿ ಬಂದಷ್ಟೂ ಕಿವಿಗೆ ಬೀಳುವುದು ಕಡಿಮೆ. ಮೂವತ್ತು ಸೆಕೆಂಡಿನ ಜಿಂಗಲ್ ಇನ್ನೂ ಕಠಿಣ. ಜಾಜ್‌ನಲ್ಲಿ ಹತ್ತು ನಿಮಿಷ ವಿಸ್ತರಿಸುವ ಸ್ವಾತಂತ್ರ್ಯ ಇದ್ದವನು ಇಲ್ಲಿ ನಾಲ್ಕು ಸ್ವರದಲ್ಲಿ ಮಾತು ಮುಗಿಸಬೇಕು. ಏನನ್ನು ಬಿಡಬೇಕೆಂಬ ವಿವೇಕ ಇಲ್ಲದವನಿಗೆ ಅದು ಒಗ್ಗುವ ಕೆಲಸವಲ್ಲ.

ಅಮೆರಿಕದ ಇಬ್ಬರ ಕಥೆ ಇದನ್ನು ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಹರ್ಬಿ ಹ್ಯಾನ್‌ಕಾಕ್ ಶಿಕಾಗೊದವರು. ಹನ್ನೊಂದನೆಯ ವಯಸ್ಸಿಗೆ ಶಿಕಾಗೊ ಸಿಂಫನಿಯ ಜೊತೆ ಮೊಜಾರ್ಟ್ ನುಡಿಸಿದ ಬಾಲಕ. 1963ರಿಂದ ಐದು ವರ್ಷ ಜಾಜ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ರ ತಂಡದಲ್ಲಿದ್ದರು. ಎಲೆಕ್ಟ್ರಿಕ್ ಪಿಯಾನೋದ ರುಚಿ ಹತ್ತಿಸಿದವರೂ ಮೈಲ್ಸ್ ಅವರೇ. ಆಮೇಲೆ ಸ್ವಂತ ತಂಡ ಕಟ್ಟಿ ಬಹಳ ಪ್ರಯೋಗಶೀಲವಾದ ಸಂಗೀತ ಮಾಡಿದರು. ಬಲ್ಲವರು ಹೊಗಳಿದರು, ಸಭಾಂಗಣ ತುಂಬಲಿಲ್ಲ. 1973ರಲ್ಲಿ ಹ್ಯಾನ್‌ಕಾಕ್ ದಾರಿ ಬದಲಿಸಿ ‘ಹೆಡ್ ಹಂಟರ್ಸ್’ ಎಂಬ ಆಲ್ಬಮ್ ತಂದರು. ಅದರ ಮೊದಲ ರಚನೆ ‘ಕಮೀಲಿಯನ್’. ಶುರುವಾಗುವುದೇ ಸಿಂಥಸೈಜರಿನಲ್ಲಿ ನುಡಿಸಿದ ಒಂದು ಮಂದ್ರದ ಸಾಲಿನಿಂದ. ಹನ್ನೆರಡೇ ಸ್ವರ, ಮತ್ತೆ ಮತ್ತೆ ಅದೇ. ಅದರ ಮೇಲೆ ಬಹಳ ಹೊತ್ತಿನವರೆಗೆ ಎರಡೇ ಕಾರ್ಡು. ನೂರು ಕಾರ್ಡು ಬಲ್ಲವರು ಎರಡಕ್ಕೆ ಒಪ್ಪಿದ್ದೇಕೆ? ಎರಡೇ ಇದ್ದಾಗ ಕಿವಿ ಲಯದ ಸಣ್ಣ ಸಣ್ಣ ತಿರುವುಗಳಿಗೆ ತೆರೆದುಕೊಳ್ಳುತ್ತದೆ. ಆ ಹದಿನೈದು ನಿಮಿಷದಲ್ಲಿ ಹ್ಯಾನ್‌ಕಾಕ್ ವಿಸ್ತಾರಕ್ಕೆ ಎಲ್ಲೂ ಕೊರತೆ ಮಾಡಿಲ್ಲ. ವಿಸ್ತಾರದ ಜಾಗ ಬದಲಿಸಿದ್ದಾರೆ ಅಷ್ಟೆ. ಆಲ್ಬಮ್ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 1983ರ ‘ರಾಕಿಟ್’ನಲ್ಲಿ ಅವರು ತಿರುಗುವ ರೆಕಾರ್ಡನ್ನು ಕೈಯಿಂದ ಉಜ್ಜುವ ಸದ್ದನ್ನೇ ವಾದ್ಯವಾಗಿ ಬಳಸಿದರು. ಅದೇ ಹ್ಯಾನ್‌ಕಾಕ್ 2008ರಲ್ಲಿ ಗಾಯಕಿ ಜೋನಿ ಮಿಚೆಲ್‌ರ ಹಾಡುಗಳನ್ನು ಜಾಜ್ ಆಗಿ ನುಡಿಸಿದ ಆಲ್ಬಮ್ಮಿಗೆ ವರ್ಷದ ಶ್ರೇಷ್ಠ ಆಲ್ಬಮ್ ಗ್ರ್ಯಾಮಿ ಪಡೆದರು. ಬಿಟ್ಟುಹೋದರು ಎಂದವರ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇಲ್ಲ.

ಜಾರ್ಜ್ ಡ್ಯೂಕ್ ಇನ್ನೂ ಪೂರ್ಣವಾಗಿ ನಿರ್ಮಾಪಕರಾದವರು. ಕ್ಯಾಲಿಫೋರ್ನಿಯದಲ್ಲಿ 1946ರಲ್ಲಿ ಹುಟ್ಟಿದರು. ನಾಲ್ಕು ವರ್ಷದ ಹುಡುಗನಿದ್ದಾಗ ತಾಯಿ ಡ್ಯೂಕ್ ಎಲಿಂಗ್ಟನ್‌ರ ಕಛೇರಿಗೆ ಕರೆದೊಯ್ದರು. ಪಿಯಾನೋ ಹುಚ್ಚು ಹಿಡಿದದ್ದು ಅಲ್ಲಿ. ಜಾಜ್‌ನ ಕ್ಯಾನನ್‌ಬಾಲ್ ಆಡರ್ಲಿ, ರಾಕ್‌ನ ಫ್ರ್ಯಾಂಕ್ ಜಪ್ಪಾ ಇಬ್ಬರ ತಂಡಗಳಲ್ಲೂ ದುಡಿದರು. 1977ರ ‘ರೀಚ್ ಫಾರ್ ಇಟ್’ನಿಂದ ಪೂರ್ತಿ ಫಂಕ್‌ನತ್ತ ಹೊರಳಿದರು. 80ರ ದಶಕದಲ್ಲಿ ಬೇರೆಯವರ ಹಾಡುಗಳಿಗೆ ನಿರ್ಮಾಪಕರಾಗಿ ಕೂತರು. ಡೆನಿಸ್ ವಿಲಿಯಮ್ಸ್‌ರ ‘ಲೆಟ್ಸ್ ಹಿಯರ್ ಇಟ್ ಫಾರ್ ದ ಬಾಯ್’ 1984ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಹಿಂದಿನ ಕೈ ಡ್ಯೂಕ್‌ರದು. ಎರಡು ವರ್ಷದ ನಂತರ ಮೈಲ್ಸ್ ಡೇವಿಸ್ ತಮ್ಮ ‘ಟುಟು’ ಆಲ್ಬಮ್ಮಿಗೆ ಡ್ಯೂಕ್‌ರ ರಚನೆಯೊಂದನ್ನು ತೆಗೆದುಕೊಂಡರು. ಜಾಜ್‌ನ ದೊಡ್ಡ ಗವಾಯಿ ಎನ್ನಬಹುದಾದವರೇ ಪಾಪ್ ನಿರ್ಮಾಪಕನ ಬಾಗಿಲಿಗೆ ಬಂದ ಹಾಗಾಯಿತು.

ಫಂಕ್ ಎಂದರೆ ಏನೆಂದು ನಮ್ಮ ಓದುಗರಿಗೆ ಹೇಳುವುದು ಕಷ್ಟವಲ್ಲ, ಏಕೆಂದರೆ ನಮಗೆ ಸಮ್ ಗೊತ್ತು. ತೀನ್‌ತಾಲದಲ್ಲಿ ಹದಿನಾರು ಮಾತ್ರೆ ಸುತ್ತಿ ಬಂದು ಗವಾಯಿ ಸಮ್ ಹಿಡಿದಾಗ ಬೈಠಕ್ಕಿನಲ್ಲಿ ತಲೆಗಳು ತಾನಾಗಿ ಆಡುತ್ತವೆ. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ 60ರ ದಶಕದಲ್ಲಿ ತಮ್ಮ ತಂಡಕ್ಕೆ ಕಲಿಸಿದ್ದು ಇಂಥದ್ದೇ ಪಾಠ: ಪ್ರತಿ ಸುತ್ತಿನ ಮೊದಲ ಪೆಟ್ಟಿಗೆ ಎಲ್ಲರೂ ಬಂದು ಕೂಡಬೇಕು, ನಡುವೆ ಯಾರು ಏನು ಮಾಡಿದರೂ ಸರಿ. ಫಂಕ್ ಬೆಳೆದದ್ದು ಆ ಮೊದಲ ಪೆಟ್ಟಿನ ಸುತ್ತ. ಕೀಬೋರ್ಡ್ ಅಲ್ಲಿ ಸ್ವರವಾದ್ಯವಾಗಿ ಉಳಿಯುವುದಿಲ್ಲ, ತಾಳವಾದ್ಯದ ಸಾಲಿಗೆ ಸೇರುತ್ತದೆ. ಕ್ಲಾವಿನೆಟ್ ಎಂಬ ವಾದ್ಯದ ಚಿಕ್ಕ, ಗಡುಸಾದ ಪೆಟ್ಟುಗಳು ತಬಲಾದ ಚಾಟಿಯ ಬೋಲಿನಂತೆ ಕೇಳುತ್ತವೆ. ಲಯಕಾರಿ ಗೊತ್ತಿರುವ ನಮ್ಮವರಿಗೆ ಫಂಕ್ ಹೊರಗಿನದು ಎನಿಸಬೇಕಾಗಿಲ್ಲ.

ಈಗ ನಮ್ಮ ಮಣ್ಣಿಗೆ ಬರೋಣ. ಭೀಮಸೇನ ಜೋಶಿಯವರು ಹೊಸ್ತಿಲು ದಾಟಿದ್ದು ಖ್ಯಾತಿ ಬಂದ ಮೇಲೆ ಎಂದು ಅನೇಕರ ತಿಳಿವಳಿಕೆ. ಆದರೆ ಇಪ್ಪತ್ತರ ಹರೆಯದಲ್ಲಿ ಎಚ್‌ಎಂವಿ ಹೊರತಂದ ಅವರ ಮೊದಲ ಮುದ್ರಿಕೆಯಲ್ಲೇ ಇದ್ದದ್ದು ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳು. 1956ರಲ್ಲಿ ‘ಬಸಂತ್ ಬಹಾರ್’ ಚಿತ್ರಕ್ಕೆ ಮನ್ನಾ ಡೇ ಜೊತೆ, 1966ರಲ್ಲಿ ಅನಕೃ ಅವರ ಕಾದಂಬರಿ ಆಧರಿಸಿದ ‘ಸಂಧ್ಯಾರಾಗ’ಕ್ಕೆ, ಮುಂದೆ ಅಭಂಗವಾಣಿ, ದಾಸವಾಣಿ ಎಂದು ಅವರು ಹಾಡಿದ್ದು ರಾಶಿ. ಶಂಕರ್‌ನಾಗ್‌ರ ಚಿತ್ರಕ್ಕೆ ಹಾಡಿದ ದಾಸರ ಪದ ಇಂದಿಗೂ ಮನೆಮನೆಯಲ್ಲಿದೆ. ಇದರಿಂದ ಅವರ ಶುದ್ಧ ಕಲ್ಯಾಣಿನ ತೂಕ ಒಂದು ಗುಂಜಿಯೂ ಕಡಿಮೆಯಾಗಲಿಲ್ಲ. ಅವರ ಗುರು ಸವಾಯಿ ಗಂಧರ್ವರಂತೂ ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದ ನಟರು. ಮಲ್ಲಿಕಾರ್ಜುನ ಮನ್ಸೂರರು ಹುಡುಗರಿದ್ದಾಗ ಬಣ್ಣ ಹಚ್ಚಿದ್ದು ವಾಮನರಾವ್ ಮಾಸ್ತರರ ಕಂಪನಿಯಲ್ಲಿ. ಧಾರವಾಡ ಸೀಮೆಯ ಖಯಾಲ್ ಪರಂಪರೆ ನಾಟಕದ ಥೇಟರಿನ ಮೂಲಕವೇ ಹಾದು ಬಂದಿದೆ. ಅದನ್ನು ಅಲ್ಲಿಂದ ಬಿಡಿಸಿ ನೋಡಲು ಬರುವುದಿಲ್ಲ.

ಆ ಥೇಟರಿನ ಕೀಬೋರ್ಡ್ ವಾದಕ ಪೇಟಿ ಮಾಸ್ತರ. ಬನಶಂಕರಿ ಜಾತ್ರೆಗೆ ರೋಣದಿಂದ ಗಾಡಿ ಕಟ್ಟಿಕೊಂಡು ಹೋಗಿ ನಾಟಕ ನೋಡಿ ಬಂದ ಹಿರಿಯರಿಗೆ ಅವನ ಮಹತ್ವ ಗೊತ್ತು. ರಂಗದ ಮುಂದಿನ ತಗ್ಗಿನಲ್ಲಿ ಕಾಲುಪೇಟಿಯ ಮುಂದೆ ಕೂತು, ಕಾಲಿನಿಂದ ತಿದಿ ಒತ್ತುತ್ತ, ಎರಡೂ ಕೈ ಮನೆಗಳ ಮೇಲೆ ಆಡಿಸುತ್ತ ಅವನು ಇಡೀ ನಾಟಕವನ್ನು ನಡೆಸುತ್ತಿದ್ದ. ನಟನ ಕಂಠ ಅಂದು ಕಟ್ಟಿದ್ದರೆ ಸ್ವರ ಇಳಿಸುವವನು ಅವನು. ಒನ್ಸ್‌ಮೋರ್ ಬಂದರೆ ಹಾಡನ್ನು ಮತ್ತೆ ಎತ್ತಿಕೊಡುವವನು ಅವನು. ಮಾತು ಮರೆತ ನಟನಿಗೆ ಉಸಿರು ತೆಗೆದುಕೊಳ್ಳಲು ನಾಲ್ಕು ಆವರ್ತನ ತುಂಬಿಕೊಡುವವನೂ ಅವನೇ. ಮೂರು ಗಂಟೆ ಬೆಳೆಯಬಲ್ಲ ರಾಗವನ್ನು ಮೂರು ನಿಮಿಷದ ರಂಗಗೀತೆಗೆ ಇಳಿಸುವ ವಿದ್ಯೆ ಅವನ ಬೆರಳಲ್ಲಿತ್ತು. ಮುಂಬೈನ ಸ್ಟುಡಿಯೊದಲ್ಲಿ ಬ್ಯಾಂಕ್ಸ್, ಲಾಸ್ ಏಂಜಲೀಸ್‌ನಲ್ಲಿ ಡ್ಯೂಕ್ ಮಾಡಿದ ಕೆಲಸದ ಸ್ವರೂಪವೂ ಇದೇ.

ಈ ಭಾಗದಲ್ಲಿ ಈ ದಾಟುವಿಕೆಗೆ ಅತ್ಯಂತ ಉನ್ನತವಾದ ಕಾರಣ ಒದಗಿಸಿದವರು ಪುಟ್ಟರಾಜ ಗವಾಯಿಗಳು. ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ಪಂಚಾಕ್ಷರಿ ಗವಾಯಿಗಳು ಕಟ್ಟಿದ ಸಂಗೀತ ಶಾಲೆಗೆ ರೋಣ ಸೀಮೆಯ ನಿಡಗುಂದಿಕೊಪ್ಪದ ನಂಟಿದೆ. ಊರೂರು ಸುತ್ತುತ್ತ ಪಾಠ ನಡೆಸಿದ ಆ ಶಾಲೆ ಕೊನೆಗೆ ನೆಲೆ ನಿಂತದ್ದು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಹೊಣೆ ಪುಟ್ಟರಾಜರ ಹೆಗಲಿಗೆ ಬಂತು. ಎಳವೆಯಲ್ಲೇ ಕಣ್ಣು ಕಳೆದುಕೊಂಡ ಅವರು ಗಾಯನದ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲ ಬಲ್ಲವರು. ಆಶ್ರಮದ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಮತ್ತು ಪಾಠ ನಡೆಯಬೇಕಿತ್ತು. ಅದಕ್ಕಾಗಿ ನಾಟಕ ಕಂಪನಿ ನಡೆಸಿದರು, ನಾಟಕ ಬರೆದರು, ಹಾಡು ಕಟ್ಟಿದರು. ಜಾತ್ರೆಯ ಜನ ಕೊಟ್ಟ ಟಿಕೆಟ್ಟಿನ ಹಣದಲ್ಲಿ ಶಾಸ್ತ್ರೀಯ ಸಂಗೀತದ ಒಂದು ಗುರುಕುಲ ಬದುಕಿತು. ಇಂದು ದೇಶವೇ ಕೇಳುವ ವೆಂಕಟೇಶ ಕುಮಾರರು ಕಲಿತದ್ದು ಆ ಆಶ್ರಮದಲ್ಲಿ. ಜನಪ್ರಿಯ ರಂಗಭೂಮಿ ಶಾಸ್ತ್ರೀಯ ಸಂಗೀತವನ್ನು ಕೆಡಿಸಿತು ಎನ್ನುವವರು ಗದಗಿನ ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಇಲ್ಲಿ ಅದು ಶಾಸ್ತ್ರೀಯ ಸಂಗೀತಕ್ಕೆ ಅನ್ನ ಹಾಕಿದೆ.

ದಾರಿ ಎರಡೂ ಕಡೆಗೆ ಸಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. 1987ರ ‘ಪ್ರೇಮಲೋಕ’ದಿಂದ ಕನ್ನಡ ಚಿತ್ರಗೀತೆಗೆ ಹೊಸ ಲಯ, ಹೊಸ ಸದ್ದು ತಂದ ಹಂಸಲೇಖ ಅವರು 1995ರಲ್ಲಿ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ ರಾಗಸಂಗೀತ ಕಟ್ಟಿದರು. ಅವರಿಗೂ ಅದರಲ್ಲಿ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಪಾಪ್ ಹಾಡುಗಳ ಪಾಠಶಾಲೆಯಿಂದ ಬಂದ ಕೈ ಗದಗಿನ ಗವಾಯಿಯ ಕಥೆಗೆ ಸಲ್ಲಬೇಕಾದ ಸಂಗೀತವನ್ನು ಕೊಟ್ಟಿತು.

ಕೀಬೋರ್ಡಿಗೆ ನಮ್ಮ ಸಂಗೀತದಲ್ಲಿ ಒಂದು ಹಳೆಯ ಆಕ್ಷೇಪ ಇದೆ, ಅದನ್ನು ಮುಚ್ಚಿಡಬಾರದು. ಪೇಟಿಯ ಮನೆಗಳು ಸಪ್ತಕಕ್ಕೆ ಹನ್ನೆರಡು. ಎರಡು ಮನೆಗಳ ನಡುವೆ ಜಾರಲು ಬರುವುದಿಲ್ಲ. ಮೀಂಡಿಲ್ಲದೆ ದರಬಾರಿಯ ಗಾಂಧಾರ ಹೇಗೆ ಬಂದೀತು? ಈ ಕಾರಣಕ್ಕೇ 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಆಕ್ಷೇಪದಲ್ಲಿ ಹುರುಳಿದೆ. ಆದರೂ ಜನ ಪೇಟಿಯನ್ನು ಬಿಡಲಿಲ್ಲ, ಗವಾಯಿಗಳೂ ಬಿಡಲಿಲ್ಲ. ನುಡಿಸುವವರ ಜಾಣ್ಮೆ ಕೊರತೆಯನ್ನು ಅಷ್ಟಿಷ್ಟು ತುಂಬಿತು. 70ರ ದಶಕದ ಆರಂಭದಲ್ಲಿ ಬಂದ ಮಿನಿಮೂಗ್ ಸಿಂಥಸೈಜರಿನ ಎಡಬದಿಗೆ ಒಂದು ಚಿಕ್ಕ ಚಕ್ರವಿತ್ತು. ಬಲಗೈ ಸ್ವರ ಒತ್ತಿರುವಾಗ ಎಡಗೈಯಿಂದ ಆ ಚಕ್ರ ತಿರುವಿದರೆ ಸ್ವರ ಜಾರುತ್ತದೆ. ಜಾರ್ಜ್ ಡ್ಯೂಕ್ ಅದನ್ನು ಗಿಟಾರಿನಂತೆ, ಕಂಠದಂತೆ ನುಡಿಸಿ ತೋರಿಸಿದರು. ಜಾಜ್‌ನವರು ಹೊಸ ಯಂತ್ರಕ್ಕೆ ಕೈಹಾಕಿದ್ದನ್ನು ವ್ಯಾಪಾರ ಎಂದು ಜರೆದವರಿದ್ದರು. ಇಂದು ನಮ್ಮ ಕೀಬೋರ್ಡ್ ವಾದಕರು ರಾಗ ನುಡಿಸುವಾಗ ಮೀಂಡಿಗೆ ನಂಬಿರುವುದು ಅದೇ ಚಕ್ರವನ್ನು.

ಬ್ಯಾಂಕ್ಸ್ ಕೂಡ ಜಿಂಗಲ್‌ಗಳಲ್ಲೇ ಮುಳುಗಿ ಹೋಗಲಿಲ್ಲ. 80ರ ದಶಕದಲ್ಲಿ ಬೆಂಗಳೂರಿನ ಗಾಯಕಿ ಆರ್.ಎ. ರಮಾಮಣಿ ಅವರ ಜೊತೆ ‘ಸಂಗಮ್’ ಎಂಬ ತಂಡದಲ್ಲಿ ಕರ್ನಾಟಕ ಸಂಗೀತ ಮತ್ತು ಜಾಜ್ ಎರಡನ್ನೂ ಒಂದೇ ವೇದಿಕೆಗೆ ತಂದರು. ರಮಾಮಣಿ ಅವರು ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಸೇರಿ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗೆ 1983ರಲ್ಲಿ ‘ಜ್ಯೋತಿ’ ಎಂಬ ಆಲ್ಬಮ್ ಮಾಡಿದವರು. ಅವರ ಸ್ವರಪ್ರಸ್ತಾರ ಕ್ಷಿಪ್ರವಾದದ್ದು, ಲೆಕ್ಕಾಚಾರ ಬಿಗಿಯಾದದ್ದು. ಅದಕ್ಕೆ ಸಾಟಿ ನಿಲ್ಲಲು ಜಾಜ್‌ನಲ್ಲಿ ಪಳಗಿದ ಕಿವಿಯೇ ಬೇಕು. 2008ರಲ್ಲಿ ಬಂದ ‘ಮೈಲ್ಸ್ ಫ್ರಮ್ ಇಂಡಿಯಾ’ ಮತ್ತು ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್‌ರ ‘ಫ್ಲೋಟಿಂಗ್ ಪಾಯಿಂಟ್’, ಬ್ಯಾಂಕ್ಸ್ ನುಡಿಸಿದ ಈ ಎರಡೂ ಆಲ್ಬಮ್‌ಗಳು ಗ್ರ್ಯಾಮಿ ನಾಮನಿರ್ದೇಶನ ಪಡೆದವು. ಜಿಂಗಲಿನ ದುಡಿಮೆ ಮನೆ ನಡೆಸಿತು, ಜಾಜ್ ಮನಸ್ಸನ್ನು ಎತ್ತರದಲ್ಲಿಟ್ಟಿತು. ಎರಡರಲ್ಲೂ ನುಡಿದದ್ದು ಅದೇ ಬೆರಳು.

ಹಾಗಾದರೆ ಈ ದಾಟುವಿಕೆಯಲ್ಲಿ ನಷ್ಟವೇ ಇಲ್ಲವೇ? ಇದೆ. ಸ್ಟುಡಿಯೊದ ಗಡಿಯಾರ ನಿಧಾನದ ಆಲಾಪಕ್ಕೆ ಕಾಯುವುದಿಲ್ಲ. ಬೇಡಿಕೆಗೆ ತಕ್ಕಂತೆ ನುಡಿಸುತ್ತ ನುಡಿಸುತ್ತ ಸ್ವಂತ ದನಿ ಕಳೆದುಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. ಕಲಿಕೆ ಗಟ್ಟಿಯಾಗುವ ಮೊದಲೇ ಹೊಸ್ತಿಲು ದಾಟಿದವನ ಬಳಿ ಕೊಂಡೊಯ್ಯಲು ಏನೂ ಇರುವುದಿಲ್ಲ. ಹ್ಯಾನ್‌ಕಾಕ್, ಡ್ಯೂಕ್, ಬ್ಯಾಂಕ್ಸ್, ಪುಟ್ಟರಾಜರು, ಭೀಮಸೇನರು ಎಲ್ಲರೂ ಒಂದು ಮನೆಯಲ್ಲಿ ಪೂರ್ತಿ ಬೆಳೆದ ಮೇಲೆ ಇನ್ನೊಂದು ಮನೆಗೆ ಹೋದವರು. ನನ್ನ ತೀರ್ಮಾನ ಇಷ್ಟು: ಯಾವ ಸಂಗೀತಕ್ಕೆ ಹೋದರು ಎಂಬುದರಿಂದ ಕಲಾವಿದರನ್ನು ಅಳೆಯುವುದು ತಪ್ಪು. ಏನನ್ನು ಹೊತ್ತು ಹೋದರು ಎಂದು ಕೇಳಬೇಕು.

ಆದರೆ ದೊಡ್ಡ ನಷ್ಟ ಇನ್ನೊಂದಿದೆ, ಅದರ ಹೊಣೆ ಕಲಾವಿದರದಲ್ಲ, ನಮ್ಮದು. ಅದು ಹೆಸರಿನ ನಷ್ಟ. ವೇದಿಕೆಯ ಮುಂದೆ ನಿಂತವರ ಹೆಸರು ಉಳಿಯುತ್ತದೆ. ಕೆಳಗೆ ಕೂತು ಹಾಡು ಕಟ್ಟಿದವರ ಹೆಸರು ಅಳಿಸಿಹೋಗುತ್ತದೆ. ಕಂಪನಿ ನಾಟಕಗಳ ಎಷ್ಟೋ ನಟರ ಹೆಸರು ನಮಗೆ ಗೊತ್ತು, ಅವರನ್ನು ಹಾಡಿಸಿದ ಪೇಟಿ ಮಾಸ್ತರರಲ್ಲಿ ಎಷ್ಟು ಜನರ ಹೆಸರು ಹೇಳಬಲ್ಲೆವು? ಜಿಂಗಲ್ ಗುನುಗುವವರಿಗೆ ಅದನ್ನು ಮಾಡಿದವರು ಯಾರೆಂದು ತಿಳಿಯುವ ದಾರಿಯೇ ಇಲ್ಲ. ಅಮೆರಿಕದಲ್ಲಿ ರೆಕಾರ್ಡಿನ ರಟ್ಟಿನ ಹಿಂದೆ ನುಡಿಸಿದವರ, ಸಂಯೋಜಿಸಿದವರ ಹೆಸರು ಅಚ್ಚಾಗುತ್ತಿತ್ತು. ಜಾರ್ಜ್ ಡ್ಯೂಕ್ ಎಂಬ ನಿರ್ಮಾಪಕರನ್ನು ಜಗತ್ತು ಗುರುತಿಸಿದ್ದು ಆ ಹಿಂಬದಿಯ ಅಕ್ಷರಗಳಿಂದ. ನಮ್ಮಲ್ಲಿ ಆ ಪದ್ಧತಿ ಇಂದಿಗೂ ಅರೆಮನಸ್ಸಿನದು.

ರೋಣ, ನರಗುಂದ, ಗಜೇಂದ್ರಗಡದ ಕಡೆ ಈಗ ಜಾತ್ರೆ, ಮದುವೆ, ಗಣೇಶೋತ್ಸವ ಎಂದರೆ ಆರ್ಕೆಸ್ಟ್ರಾ, ಆರ್ಕೆಸ್ಟ್ರಾ ಎಂದರೆ ಕೀಬೋರ್ಡು. ಭಜನೆಯಲ್ಲಿ ಪೇಟಿ ಹಿಡಿದ ಹುಡುಗರೇ ಅಲ್ಲಿ ಕೀಬೋರ್ಡಿನ ಮುಂದೆ ನಿಲ್ಲುತ್ತಾರೆ. ಗುಂಡಿ ಒತ್ತಿದರೆ ಡ್ರಮ್ಮು, ಬಾಸು ತಾನೇ ನಡೆಯುವ ಯಂತ್ರ ಅವರ ಕೈಯಲ್ಲಿದೆ. ಆ ಗುಂಡಿಯ ಹಿಂದೆ ಏನಿದೆ ಎಂದು ಬಿಚ್ಚಿ ನೋಡುವ ಹಟ ಬೆಳೆಸಿಕೊಳ್ಳಿ ಎಂದು ಆ ಹುಡುಗರಿಗೆ ಹೇಳಬೇಕಿದೆ. ಒಂದು ರಾಗವನ್ನು ಗುರುವಿನ ಮುಂದೆ ಕೂತು ಪೂರ್ತಿ ಕಲಿಯಿರಿ, ಆಮೇಲೆ ಅದರ ಸ್ವರಗಳಿಂದ ಯಾವ ಯಾವ ಕಾರ್ಡು ಕಟ್ಟಬಹುದು ಎಂದು ಕೂಡಿಸಿ ನೋಡಿರಿ. ಯಂತ್ರದ ತಾಳ ನಿಲ್ಲಿಸಿ ಎಡಗೈಯಿಂದಲೇ ಬಾಸ್ ನುಡಿಸುವ ರೂಢಿ ಮಾಡಿರಿ. ‘ಕಮೀಲಿಯನ್’ ಕೇಳಿರಿ, ಹಳೆಯ ರಂಗಗೀತೆಗಳನ್ನೂ ಕೇಳಿರಿ. ಆರ್ಕೆಸ್ಟ್ರಾಕ್ಕೆ ಹೋಗುವುದಕ್ಕೆ ನಾಚಬೇಡಿರಿ, ಬರಿಗೈಲಿ ಹೋಗಬೇಡಿರಿ.

ಜಾತ್ರಾ ಸಮಿತಿಯವರಿಗೆ, ಸಂಘಟಕರಿಗೆ, ಗದಗ ಜಿಲ್ಲೆಯಲ್ಲಿ ಹಾಡು ರೆಕಾರ್ಡ್ ಮಾಡಿ ಹೊರಬಿಡುವ ಎಲ್ಲರಿಗೂ ನನ್ನ ವಿನಂತಿ ಒಂದೇ. ಮುಂದಿನ ಕಾರ್ಯಕ್ರಮದ ಪೋಸ್ಟರಿನಲ್ಲಿ ಗಾಯಕರ ಹೆಸರಿನ ಕೆಳಗೆ ಕೀಬೋರ್ಡ್ ನುಡಿಸುವವರ ಹೆಸರನ್ನೂ, ಸಂಗೀತ ಸಂಯೋಜಿಸಿದವರ ಹೆಸರನ್ನೂ ಅಚ್ಚು ಹಾಕಿಸಿರಿ. ಅದಕ್ಕೆ ಖರ್ಚಾಗುವುದು ಎರಡು ಸಾಲಿನ ಜಾಗ.